ಬಾಡಿಗೆಯ ಸರ್ವರೂ ಬೀಗದ ಕೈಯೂ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿಗೆ ಸೇರಿದ ಬಿಕ್ಕೋಡು ಹೋಬಳಿಯು ಕಾಫಿ ಮೆಣಸುಗಳ ಸೀಮೆಯೆಂಬುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಅಂತಹ ಹೋಬಳಿಯ ಹೆಸರನ್ನು ಕಂಪ್ಯೂಟರುಗಳ ಪ್ರಶ್ನೆಯೊಂದರೊಡನೆ ಸೇರಿಸಿ ನಾವು ಬರೆಯುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಕಾಲವು ಬದಲಾಗಿದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅವುಗಳನ್ನು ನೋಡಬರುವವರಿಗೆ ತೋಟದ ಮನೆಗಳಲ್ಲಿ ಬಿಡಾರ ಕೊಡುವ ಹೋಮ್‌ಸ್ಟೇಗಳವರಿಗೆ ಕೋಣೆಗಳನ್ನು ಕಾದಿರಿಸುವ ಜಾಲತಾಣವೊಂದು ಬೇಕು. ಸಹಕಾರ ಸಂಘಕ್ಕೆ ಗೊಬ್ಬರದ ದಾಸ್ತಾನನ್ನೂ ಸದಸ್ಯರ ಲೆಕ್ಕವನ್ನೂ ತೋರಿಸುವ ಅಪ್ಲಿಕೇಷನ್ನೊಂದು ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಾಡಾನೆಗಳ ಹಾವಳಿಯಿಂದ ಜೀವಹಾನಿಯನ್ನು ಕಂಡಿರುವ ಈ ಸೀಮೆಯಲ್ಲಿ, ಆನೆಗಳ ಹಿಂಡು ಇಂದು ಬೆಳಿಗ್ಗೆ ಯಾವ ತೋಟದಲ್ಲಿದೆ ಎಂಬುದನ್ನು ಕೂಲಿಯಾಳುಗಳು ಮನೆ ಬಿಡುವ ಮುನ್ನವೇ ಮೊಬೈಲಿನಲ್ಲಿ ತಿಳಿಸುವ ಏರ್ಪಾಡು ಬೇಕು. ಇವೆಲ್ಲವೂ ಸಣ್ಣ ವೆಬ್ ಅಪ್ಲಿಕೇಷನ್ನುಗಳು. ಇವುಗಳನ್ನು ಬರೆದುಕೊಡಬಲ್ಲ ತರುಣರು ಈಗ ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿಯೇ ದೊರೆಯುವರು. ಬರೆದುದನ್ನು ಇಡುವುದೆಲ್ಲಿ, ಯಾರ ಯಂತ್ರದಲ್ಲಿ, ಯಾವ ಕರಾರಿನ ಮೇಲೆ ಎಂಬುದೇ ಈಗ ನಮ್ಮ ಮುಂದಿರುವ ಪ್ರಶ್ನೆ.

ಸ್ವಂತ ಯಂತ್ರವೊಂದನ್ನು ಸಂಘದ ಕಚೇರಿಯಲ್ಲಿಯೇ ಇಟ್ಟುಕೊಂಡರಾಗದೆ ಎಂದು ಕೇಳಬಹುದು. ಮಲೆನಾಡಿನ ಮಳೆಗಾಲವನ್ನು ಕಂಡವರು ಈ ಮಾತನ್ನಾಡರು. ಮರ ಬಿದ್ದು ತಂತಿ ಹರಿದರೆ ವಿದ್ಯುತ್ತು ಯಾವಾಗ ಬರುವುದೆಂದು ಯಾರೂ ಹೇಳಲಾರರು. ಆನೆಯ ಸುದ್ದಿಯಾದರೋ ಅಂತಹ ದಿನವೇ ಅತ್ಯವಶ್ಯಕವು. ಆದಕಾರಣ ನಗರಗಳಲ್ಲಿ ದೊಡ್ಡ ದೊಡ್ಡ ಡೇಟಾ ಸೆಂಟರುಗಳನ್ನು ಕಟ್ಟಿ, ಹಗಲಿರುಳೂ ಯಂತ್ರಗಳನ್ನು ನಡೆಸಿ, ಅವುಗಳ ಒಂದೊಂದು ಪಾಲನ್ನು ಬಾಡಿಗೆಗೆ ಕೊಡುವ ಕಂಪೆನಿಗಳನ್ನು ಆಶ್ರಯಿಸುವುದೇ ಯುಕ್ತವಾಗಿದೆ. ಕ್ಲೌಡ್ ಹೋಸ್ಟಿಂಗ್ ಎಂಬ ಹೆಸರಿನಿಂದ ಕರೆಯಲ್ಪಡುವುದು ಇದೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ವಿದ್ಯುತ್ತು ಹರಿದಂತೆ, ಗಣಕಯಂತ್ರದ ಶಕ್ತಿಯೂ ಈಗ ತಂತಿಯ ಮೂಲಕ ದೊರೆಯುವ ಸರಕಾಗಿದೆ. ಆದರೆ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ವಿದ್ಯುತ್ತನ್ನು ಕೊಂಡವನು ಮಾರಿದವನ ಬಳಿ ತನ್ನದೇನನ್ನೂ ಬಿಟ್ಟುಬರುವುದಿಲ್ಲ. ಸರ್ವರನ್ನು ಬಾಡಿಗೆಗೆ ಹಿಡಿದವನಾದರೋ ತನ್ನ ಲೆಕ್ಕದ ಪುಸ್ತಕಗಳನ್ನೂ, ಸದಸ್ಯರ ಹೆಸರು ವಿಳಾಸಗಳನ್ನೂ, ವ್ಯಾಪಾರದ ಮರ್ಮವನ್ನೂ ಬಾಡಿಗೆ ಕೊಟ್ಟವನ ಮನೆಯಲ್ಲಿಯೇ ಇಟ್ಟಿರುವನು.

ಈ ವ್ಯತ್ಯಾಸವನ್ನು ಗ್ರಹಿಸಿದವರಿಗೆ ನಮ್ಮ ಅಭಿಪ್ರಾಯವು ಸುಲಭವಾಗಿ ತಿಳಿಯುವುದು. ಕ್ಲೌಡ್ ಕಂಪೆನಿಯನ್ನು ಆರಿಸುವಾಗ ಮೊದಲ ತಿಂಗಳ ಬಾಡಿಗೆ ಎಷ್ಟು ಕಡಿಮೆಯೆಂಬುದಾಗಲಿ, ಕಂಪೆನಿಯ ಹೆಸರು ಎಷ್ಟು ದೊಡ್ಡದೆಂಬುದಾಗಲಿ, ಅದು ಸ್ವದೇಶಿಯೋ ವಿದೇಶಿಯೋ ಎಂಬುದಾಗಲಿ ಮೊದಲ ಪರೀಕ್ಷೆಯಲ್ಲ. ಬೇಕೆಂದ ದಿನ ನಮ್ಮ ಸಾಮಾನನ್ನೆಲ್ಲ ಕಟ್ಟಿಕೊಂಡು ಇನ್ನೊಬ್ಬರ ಮನೆಗೆ ಹೋಗಲು ಸಾಧ್ಯವೋ ಇಲ್ಲವೋ ಎಂಬುದೇ ಮೊದಲ ಪರೀಕ್ಷೆ. ದ್ವಾರಸಮುದ್ರದ ಸೀಮೆಯಲ್ಲಿ ಕೆರೆ ಕಟ್ಟಿದವರು ಏರಿಯನ್ನು ಎತ್ತುವಾಗಲೇ ತೂಬಿನ ಸ್ಥಳವನ್ನೂ ಕೋಡಿಯ ಮಟ್ಟವನ್ನೂ ಗೊತ್ತುಮಾಡುತ್ತಿದ್ದರು. ತುಂಬಿದ ಮೇಲೆ ದಾರಿ ಹುಡುಕುತ್ತಿರಲಿಲ್ಲ. ಕರಾರು ಮಾಡಿಕೊಳ್ಳುವ ದಿನವೇ ಬಿಟ್ಟುಬರುವ ದಾರಿಯನ್ನು ನೋಡಿಕೊಳ್ಳತಕ್ಕದ್ದು.

ಈ ಎಚ್ಚರವು ಅತಿಯಾದುದೆಂದು ಭಾವಿಸುವವರ ಗಮನವನ್ನು 2025ನೆಯ ಇಸವಿಯ ಮೂರು ಸಂಗತಿಗಳ ಕಡೆಗೆ ಸೆಳೆಯಬಯಸುತ್ತೇವೆ. ಗುಜರಾತಿನ ವಾಡಿನಾರಿನಲ್ಲಿ ತೈಲಶುದ್ಧಿ ಕಾರ್ಖಾನೆಯುಳ್ಳ ನಯಾರಾ ಎನರ್ಜಿ ಎಂಬ ಕಂಪೆನಿಯಲ್ಲಿ ರಷ್ಯಾದ ರಾಸ್‌ನೆಫ್ಟ್ ಸಂಸ್ಥೆಗೆ ಶೇಕಡಾ 49ಕ್ಕೆ ಸ್ವಲ್ಪ ಮೇಲ್ಪಟ್ಟ ಪಾಲುಂಟು. ಆ ಕಾರಣದಿಂದ ಯುರೋಪಿಯನ್ ಒಕ್ಕೂಟವು ಜುಲೈ 18ರಂದು ಅದರ ಮೇಲೆ ನಿರ್ಬಂಧಗಳನ್ನು ವಿಧಿಸಿತು. ಕೆಲವೇ ದಿನಗಳಲ್ಲಿ ಅಮೆರಿಕದ ಮೈಕ್ರೋಸಾಫ್ಟ್ ಕಂಪೆನಿಯವರು ನಯಾರಾಕ್ಕೆ ಕೊಡುತ್ತಿದ್ದ ಸೇವೆಗಳನ್ನು ತಡೆಹಿಡಿದರು. ಹಣ ಸಲ್ಲಿಸಿದ್ದರೂ ತನ್ನ ದಾಖಲೆಗಳನ್ನು ತಾನೇ ನೋಡಲಾಗದಂತಾಯಿತೆಂದು ನಯಾರಾ ಕಂಪೆನಿಯು ಡೆಲ್ಲಿಯ ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಆ ತಿಂಗಳು ಮುಗಿಯುವುದರೊಳಗೆ ಸೇವೆಗಳು ಮರಳಿ ದೊರೆತುವೆಂಬುದು ನಿಜ. ಆದರೆ ಇಂಡಿಯಾದ ಶಾಸನವಾಗಲಿ ಇಂಡಿಯಾದ ನ್ಯಾಯಾಲಯದ ಆಜ್ಞೆಯಾಗಲಿ ಇಲ್ಲದೆ, ಮೂರನೆಯ ಖಂಡದ ಒಂದು ನಿರ್ಣಯದಿಂದ ಇಲ್ಲಿಯ ಕಚೇರಿಯ ಬಾಗಿಲಿಗೆ ಬೀಗ ಬೀಳಬಹುದೆಂಬುದು ಎಲ್ಲರಿಗೂ ಗೋಚರವಾಯಿತು. ಬಲಾಢ್ಯ ಕಂಪೆನಿಯೊಂದು ಉಚ್ಚ ನ್ಯಾಯಾಲಯಕ್ಕೆ ಹೋಗಬಲ್ಲುದು. ಬಿಕ್ಕೋಡಿನ ಸಂಘವು ಯಾರ ಬಳಿಗೆ ಹೋಗುವುದು?

ಹಾಗಾದರೆ ಎಲ್ಲವನ್ನೂ ಸ್ವದೇಶದ ಸರ್ಕಾರದವರ ವಶದಲ್ಲಿಟ್ಟರೆ ಕ್ಷೇಮವೆಂದು ಕೂಡಲೇ ಹೇಳುವವರೂ ಇರುವರು. ಅವರು ಎರಡನೆಯ ಸಂಗತಿಯನ್ನು ಆಲೋಚಿಸಬೇಕು. ಅದೇ ವರ್ಷದ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಸರ್ಕಾರದ್ದೇ ಆದ ಡೇಟಾ ಸೆಂಟರಿನಲ್ಲಿ ಬೆಂಕಿ ಹೊತ್ತಿತು. 709 ಸರ್ಕಾರಿ ವ್ಯವಸ್ಥೆಗಳು ನಿಂತುಹೋದುವು. ಅಧಿಕಾರಿಗಳು ತಮ್ಮ ಕಾಗದಪತ್ರಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ಭಂಡಾರದ 858 ಟೆರಾಬೈಟುಗಳಷ್ಟು ದಾಖಲೆಗಳು, ಬೇರೆಡೆಯಲ್ಲಿ ಪ್ರತಿಯಿಲ್ಲದ ಕಾರಣ, ಸುಟ್ಟುಹೋದುವು. ಯಂತ್ರವಿದ್ಯೆಯಲ್ಲಿ ಅಗ್ರಗಣ್ಯವೆನಿಸಿದ ದೇಶದಲ್ಲಿಯೇ ಹೀಗಾಯಿತು. ಸ್ವಂತದ್ದೆಂದ ಮಾತ್ರಕ್ಕೆ ಸುರಕ್ಷಿತವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಮೂರನೆಯದು ಅಕ್ಟೋಬರ್ 20ರ ಸಂಗತಿ. ಜಗತ್ತಿನ ಅತಿ ದೊಡ್ಡ ಕ್ಲೌಡ್ ಕಂಪೆನಿಯಾದ ಅಮೆಜಾನಿನವರ ಉತ್ತರ ವರ್ಜೀನಿಯದ ಕೇಂದ್ರದಲ್ಲಿ, ಹೆಸರನ್ನು ವಿಳಾಸಕ್ಕೆ ಹೊಂದಿಸುವ ವ್ಯವಸ್ಥೆಯೊಂದು ಕೆಟ್ಟು, ಅಲ್ಲಿಯ ಡೈನಮೋಡಿಬಿ ಎಂಬ ಡೇಟಾಬೇಸಿನ ಸೇವೆಯು ದೊರೆಯದೆಹೋಯಿತು. ಅದನ್ನು ನಂಬಿದ್ದ ಅನೇಕ ದೇಶಗಳ ಅಪ್ಲಿಕೇಷನ್ನುಗಳು ಗಂಟೆಗಟ್ಟಲೆ ಸ್ತಬ್ಧವಾದುವು. ದೊಡ್ಡದೆಂದ ಮಾತ್ರಕ್ಕೆ ಬೀಳದೆಂಬ ನಂಬಿಕೆಯೂ ಹೀಗೆ ಸುಳ್ಳಾಯಿತು.

ಈ ಮೂರರ ಎದುರಿಗೆ ಒಂದು ಒಳ್ಳೆಯ ನಿದರ್ಶನವನ್ನೂ ಇಡುತ್ತೇವೆ. 2024ನೆಯ ಮೇ ತಿಂಗಳಿನಲ್ಲಿ ಆಸ್ಟ್ರೇಲಿಯದ ಯೂನಿಸೂಪರ್ ಎಂಬ ನಿವೃತ್ತಿನಿಧಿಯ ವ್ಯವಸ್ಥೆಯು ಗೂಗಲ್ ಕ್ಲೌಡಿನಲ್ಲಿ ನಡೆದ ಒಂದು ತಪ್ಪಿನಿಂದ ಅಳಿಸಿಹೋಯಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ಲೆಕ್ಕಗಳು ಕಾಣದಾದುವು. ಆದರೆ ಆ ನಿಧಿಯವರು ಬೇರೊಂದು ಕಂಪೆನಿಯ ಬಳಿ ಪ್ರತಿಯೊಂದನ್ನು ಇಟ್ಟಿದ್ದರು. ಅದರ ಬಲದಿಂದ ವ್ಯವಸ್ಥೆಯು ಮತ್ತೆ ಎದ್ದುನಿಂತಿತು. ಬೆಂಕಿಯಿರಲಿ, ತಪ್ಪಿರಲಿ, ಪರದೇಶದ ನಿರ್ಬಂಧವಿರಲಿ, ಇನ್ನೊಬ್ಬರ ಮನೆಯಲ್ಲಿ ಇಟ್ಟ ಇನ್ನೊಂದು ಪ್ರತಿಯೇ ಎಲ್ಲಕ್ಕೂ ಒಂದೇ ಔಷಧವೆಂಬುದು ಇದರಿಂದ ಸ್ಪಷ್ಟವಾಗುವುದು.

ಇನ್ನು ಆಯ್ಕೆಯ ವಿಷಯಕ್ಕೆ ಬರೋಣ. ಮೊದಲು ಕೇಳತಕ್ಕ ಪ್ರಶ್ನೆಯೇನೆಂದರೆ, ಸರ್ವರು ನಿಜವಾಗಿಯೂ ಬೇಕೇ ಎಂಬುದು. ಕೋಣೆಗಳ ಚಿತ್ರ, ದರ, ದೂರವಾಣಿಯ ಸಂಖ್ಯೆ ಇವಿಷ್ಟನ್ನೇ ತೋರಿಸುವ ಹೋಮ್‌ಸ್ಟೇಗೆ ಬದಲಾಗದ ಪುಟಗಳೇ ಸಾಕು. ಅಂತಹ ಪುಟಗಳನ್ನು ಬಾಡಿಗೆಯಿಲ್ಲದೆಯೇ ಇಡಬಹುದಾದ ಕಡೆಗಳೂ ಉಂಟು. ಕಾದಿರಿಸುವಿಕೆ, ಲೆಕ್ಕ, ಎಚ್ಚರಿಕೆಯ ಸಂದೇಶ ಇವುಗಳಿಗೆ ಮಾತ್ರ ಸದಾ ಎಚ್ಚರವಾಗಿರುವ ಯಂತ್ರವು ಬೇಕಾಗುವುದು.

ಅಂತಹ ಯಂತ್ರವು ಎಲ್ಲಿರಬೇಕು? ಗಾಜಿನ ನಾರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುವುದು. ವರ್ಜೀನಿಯಕ್ಕೆ ಹೋಗಿಬರಲು ಅದಕ್ಕೆ ಸೆಕೆಂಡಿನ ಎಂಟನೆಯ ಒಂದು ಭಾಗಕ್ಕಿಂತ ಹೆಚ್ಚೇ ಹಿಡಿಯುವುದು. ಒಂದು ಪುಟವನ್ನು ತೆರೆಯಲು ಇಂತಹ ಯಾತ್ರೆಗಳು ಹಲವು ನಡೆಯಬೇಕು. ಬೆಂಗಳೂರು ಅಥವಾ ಮುಂಬಯಿಯಾದರೆ ಈ ವಿಳಂಬವು ಗಣನೆಗೆ ಬಾರದು. ಆದುದರಿಂದ ಇಂಡಿಯಾದೊಳಗೆ ಕೇಂದ್ರವುಳ್ಳವರನ್ನೇ ನೋಡಬೇಕು. ಅಂತಹವರಿಗೆ ಈಗ ಕೊರತೆಯಿಲ್ಲ. ಮೈಕ್ರೋಸಾಫ್ಟಿನವರು 2015ರಲ್ಲಿ ಪುಣೆ, ಚೆನ್ನೈ, ಮುಂಬಯಿಗಳಲ್ಲಿಯೂ, ಅಮೆಜಾನಿನವರು 2016ರಲ್ಲಿ ಮುಂಬಯಿಯಲ್ಲಿಯೂ 2022ರಲ್ಲಿ ಹೈದರಾಬಾದಿನಲ್ಲಿಯೂ, ಗೂಗಲಿನವರು 2017ರಲ್ಲಿ ಮುಂಬಯಿಯಲ್ಲಿಯೂ 2021ರಲ್ಲಿ ಡೆಲ್ಲಿಯಲ್ಲಿಯೂ ಕೇಂದ್ರಗಳನ್ನು ತೆರೆದರು. ಸಣ್ಣ ಗಿರಾಕಿಗಳಲ್ಲಿ ಬಳಕೆಯಾಗಿರುವ ಡಿಜಿಟಲ್ ಓಷನ್ ಕಂಪೆನಿಯು 2016ರಲ್ಲಿ ಬೆಂಗಳೂರಿನಲ್ಲಿಯೇ ಕೇಂದ್ರವನ್ನು ತೆರೆಯಿತು. ಇ2ಇ ನೆಟ್‌ವರ್ಕ್ಸ್, ನಾಸಿಕದ ಇಎಸ್‌ಡಿಎಸ್, ಚೆನ್ನೈಯ ಜೋಹೋ ಇವೇ ಮೊದಲಾದ ಸ್ವದೇಶದ ಕಂಪೆನಿಗಳೂ ಉಂಟು. ಆದರೆ ಯಂತ್ರವು ನಮ್ಮ ನೆಲದಲ್ಲಿರುವುದಕ್ಕೂ ಅದರ ಬೀಗದ ಕೈ ನಮ್ಮಲ್ಲಿರುವುದಕ್ಕೂ ಅಂತರವುಂಟೆಂಬುದನ್ನು ನಯಾರಾದ ಪ್ರಕರಣವು ಕಲಿಸಿರುವುದರಿಂದ, ಸಮೀಪವು ವೇಗಕ್ಕೆ ಮಾತ್ರ ಸಾಧನವೆಂದು ತಿಳಿಯತಕ್ಕದ್ದು.

ಬಾಡಿಗೆಯ ವಿಷಯದಲ್ಲಿ ಮೇಲಿನ ಅಂಕಿಯನ್ನು ಮಾತ್ರ ನೋಡಿ ಮೋಸಹೋಗಬಾರದು. ಡಿಜಿಟಲ್ ಓಷನ್ನಿನ ಅತಿ ಚಿಕ್ಕ ಸರ್ವರಿಗೆ ತಿಂಗಳಿಗೆ 4 ಡಾಲರೆಂದು 2022ರಲ್ಲಿ ಗೊತ್ತಾಯಿತು. ಅದರಲ್ಲಿ 500 ಗಿಗಾಬೈಟುಗಳ ಸಾಗಣೆಯೂ ಸೇರಿದೆ. ಅಮೆಜಾನಿನ ಮುಖ್ಯ ದರಪಟ್ಟಿಯಲ್ಲಾದರೋ ಯಂತ್ರಕ್ಕೆ ಬೇರೆ, ಸಾಗಣೆಗೆ ಬೇರೆ. 2024ನೆಯ ಫೆಬ್ರವರಿಯಿಂದ ಪ್ರತಿಯೊಂದು ಸಾರ್ವಜನಿಕ ಐಪಿವಿ4 ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟಿನಂತೆ, ಎಂದರೆ ತಿಂಗಳಿಗೆ ಮೂರೂವರೆ ಡಾಲರಿಗೆ ಮೇಲ್ಪಟ್ಟು ಬೇರೆ. ಒಂದು ಉದಾಹರಣೆಯನ್ನು ಲೆಕ್ಕಹಾಕೋಣ. ಹೋಮ್‌ಸ್ಟೇಯ ಪುಟದ ಚಿತ್ರಗಳು ಒಂದು ಭೇಟಿಗೆ 5 ಮೆಗಾಬೈಟು ತೂಗಿದರೆ, ತಿಂಗಳಿಗೆ 40,000 ಭೇಟಿಗಳಿಗೆ 200 ಗಿಗಾಬೈಟುಗಳಾಗುವುವು. ಮುಂಬಯಿಯ ಕೇಂದ್ರದಿಂದ ಹೊರಗೆ ಸಾಗಿಸಲು ಮೊದಲ 100 ಗಿಗಾಬೈಟುಗಳಿಗೆ ಶುಲ್ಕವಿಲ್ಲ. ಉಳಿದ ನೂರಕ್ಕೆ ಗಿಗಾಬೈಟಿಗೆ ಸುಮಾರು 11 ಸೆಂಟಿನಂತೆ 11 ಡಾಲರುಗಳು ಬೀಳುವುವು. ಸರಕಿನ ಬೆಲೆಗಿಂತ ಗಾಡಿಯ ಬಾಡಿಗೆಯೇ ಹೆಚ್ಚಾಯಿತು! ಅದೇ ಕಂಪೆನಿಯ ಲೈಟ್‌ಸೇಲ್ ಎಂಬ ಸಣ್ಣ ಏರ್ಪಾಡಿನಲ್ಲಿ ಒಂದು ಮಿತಿಯವರೆಗೆ ಸಾಗಣೆಯೂ ಸೇರಿರುವುದರಿಂದ, ಸಣ್ಣ ಗಿರಾಕಿಗಳು ಅಂತಹ ಖಚಿತವಾದ ಮಾಸಿಕ ದರಗಳನ್ನೇ ಕೇಳುವುದು ಲೇಸು.

ಪುಕ್ಕಟೆಯ ಆಶ್ರಯವನ್ನು ನಂಬುವವರಿಗೂ ಒಂದು ಮಾತು ಹೇಳಬೇಕಾಗಿದೆ. ಹೆರೋಕು ಎಂಬ ಕಂಪೆನಿಯು ವರ್ಷಗಟ್ಟಲೆ ಸಣ್ಣ ಅಪ್ಲಿಕೇಷನ್ನುಗಳಿಗೆ ಬಾಡಿಗೆಯಿಲ್ಲದೆ ಸ್ಥಳ ಕೊಡುತ್ತಿತ್ತು. 2022ನೆಯ ನವೆಂಬರ್ 28ರಿಂದ ಅದನ್ನು ನಿಲ್ಲಿಸಿತು. ಆ ಕಂಪೆನಿಯವರನ್ನು ನಾವು ದೂರುವುದಿಲ್ಲ. ಧರ್ಮಛತ್ರವನ್ನು ಮುಚ್ಚುವ ಹಕ್ಕು ಕಟ್ಟಿಸಿದವನಿಗೆ ಉಂಟಷ್ಟೆ. ಆದರೆ ಛತ್ರದಲ್ಲಿ ಸಂಸಾರ ಹೂಡುವುದು ವಿವೇಕವಲ್ಲ.

ಹಣ ಸಲ್ಲಿಸುವ ರೀತಿಯೂ ಅಲಕ್ಷ್ಯಕ್ಕೆ ತಕ್ಕುದಲ್ಲ. 2021ನೆಯ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನವರ ನಿಯಮದಂತೆ, ಪ್ರತಿ ತಿಂಗಳೂ ಕಾರ್ಡಿನಿಂದ ತಾನಾಗಿ ಹಣ ಹೋಗಬೇಕಾದರೆ ಖಾತೆದಾರನ ಮುಂಗಡ ಒಪ್ಪಿಗೆ ಬೇಕು. ಇದು ಜನರ ಹಣದ ರಕ್ಷಣೆಗಾಗಿ ಮಾಡಿದ ಒಳ್ಳೆಯ ನಿಯಮವೇ. ಆದರೆ ಅದಕ್ಕೆ ಹೊಂದಿಕೊಳ್ಳದ ಪರದೇಶದ ಕಂಪೆನಿಗಳಿಗೆ ಹಣವು ತಲಪದೆ, ಬಾಕಿಯ ಕಾರಣದಿಂದ ಸರ್ವರು ನಿಲ್ಲುವ ಸಂಭವವುಂಟು. ರೂಪಾಯಿಯಲ್ಲಿ, ಜಿಎಸ್‌ಟಿ ಸಂಖ್ಯೆಯೊಡನೆ ಬಿಲ್ಲು ಕೊಡುವ ಕಂಪೆನಿಯಾದರೆ ಸಂಘದ ಲೆಕ್ಕಪರಿಶೋಧಕರಿಗೂ ಸಮಾಧಾನ, ಡಾಲರಿನ ಏರಿಳಿತದಿಂದಲೂ ರಕ್ಷಣೆ.

ಈಗ ಬಿಟ್ಟುಬರುವ ದಾರಿಯ ಮಾತಿಗೆ ಮರಳೋಣ. ಇದಕ್ಕೆ ಮೂರು ಅಂಗಗಳು. ಮೊದಲನೆಯದು ಡೊಮೇನ್ ಹೆಸರು. ಅದು ಸಂಘದ ಹೆಸರಿನಲ್ಲಿ, ಸಂಘದ ಇಮೇಲಿನ ಮೇಲೆ, ಸರ್ವರಿನ ಕಂಪೆನಿಯಿಂದ ಪ್ರತ್ಯೇಕವಾಗಿ ನೋಂದಣಿಯಾಗಿರಬೇಕು. ಅಪ್ಲಿಕೇಷನ್ ಬರೆದುಕೊಟ್ಟ ತರುಣನ ಸ್ವಂತ ಹೆಸರಿನಲ್ಲಿ ಅದು ಇದ್ದು, ಅವನು ಕೆಲಸಕ್ಕಾಗಿ ಪರಸ್ಥಳಕ್ಕೆ ಹೋದರೆ, ಸಂಘವು ತನ್ನ ಮನೆಯ ಬಾಗಿಲಲ್ಲಿ ತಾನೇ ಪರಕೀಯವಾಗಿ ನಿಲ್ಲಬೇಕಾಗುವುದು. ಎರಡನೆಯದು ಡೇಟಾಬೇಸು. ಪೋಸ್ಟ್‌ಗ್ರೆಸ್, ಮೈಸೀಕ್ವಲ್ ಮೊದಲಾದುವು ಎಲ್ಲ ಕಂಪೆನಿಗಳ ಲಿನಕ್ಸ್ ಸರ್ವರುಗಳಲ್ಲಿಯೂ ಓಡತಕ್ಕವು. ಡೈನಮೋಡಿಬಿ, ಫೈರ್‌ಸ್ಟೋರ್‌ಗಳು ಒಬ್ಬೊಬ್ಬ ಕಂಪೆನಿಯವರಿಗೇ ಮೀಸಲು. ಮೀಸಲಾದುವು ಕೆಟ್ಟುವೆಂದು ನಮ್ಮ ಮಾತಲ್ಲ. ಆದರೆ ಅವುಗಳ ಮೇಲೆ ಕಟ್ಟಿದ ಅಪ್ಲಿಕೇಷನ್ನನ್ನು ಬೇರೆಡೆಗೆ ಒಯ್ಯಬೇಕಾದರೆ ಬಹುಭಾಗವನ್ನು ಹೊಸದಾಗಿ ಬರೆಯಬೇಕಾಗುವುದು. ಆ ವೆಚ್ಚವನ್ನು ಸಣ್ಣ ಸಂಘವು ತಾಳಲಾರದು. ಮೂರನೆಯದು ಬ್ಯಾಕಪ್ಪು. ಪ್ರತಿದಿನವೂ ಡೇಟಾಬೇಸಿನ ಪ್ರತಿಯೊಂದು ಬೇರೆ ಕಂಪೆನಿಯ ಭಂಡಾರಕ್ಕೆ ಹೋಗಬೇಕು. ಮೂರು ತಿಂಗಳಿಗೊಮ್ಮೆಯಾದರೂ ಆ ಪ್ರತಿಯಿಂದ ಅಪ್ಲಿಕೇಷನ್ನನ್ನು ಬೇರೆ ಸರ್ವರಿನಲ್ಲಿ ಎಬ್ಬಿಸಿ ನೋಡಬೇಕು. ಎಬ್ಬಿಸಿ ನೋಡದ ಬ್ಯಾಕಪ್ಪು ತೆರೆದು ನೋಡದ ಕಣಜದಂತೆ. ಒಳಗೆ ಧಾನ್ಯವಿದೆಯೋ ಹುಳುವಿದೆಯೋ ಬರಗಾಲದಲ್ಲಿಯೇ ತಿಳಿಯುವುದು.

ಇದರ ಮೇಲೆ ಶಾಸನದ ಹೊಣೆಯೊಂದು ಬಂದಿರುವುದು. 2023ನೆಯ ಇಸವಿಯ ವೈಯಕ್ತಿಕ ಡೇಟಾ ಸಂರಕ್ಷಣೆಯ ಶಾಸನದ ನಿಯಮಗಳು 2025ನೆಯ ನವೆಂಬರಿನಲ್ಲಿ ಪ್ರಕಟವಾದುವು. ಮುಖ್ಯ ಕರ್ತವ್ಯಗಳ ಪಾಲನೆಗೆ ಹದಿನೆಂಟು ತಿಂಗಳ ಅವಧಿಯನ್ನು ಕೊಟ್ಟಿರುವರು. ಅತಿಥಿಯ ಗುರುತಿನ ಚೀಟಿಯನ್ನು ಪಡೆದುಕೊಂಡ ಹೋಮ್‌ಸ್ಟೇಯವರೂ, ಸದಸ್ಯರ ವಿವರವನ್ನು ಇಟ್ಟುಕೊಂಡ ಸಂಘದವರೂ ಅದಕ್ಕೆ ತಾವೇ ಜವಾಬುದಾರರು. ನಾವು ಬಾಡಿಗೆ ಕೊಟ್ಟಿದ್ದೇವೆ, ತಪ್ಪು ಕ್ಲೌಡ್ ಕಂಪೆನಿಯದು ಎಂಬ ಸಬೂಬು ಅಲ್ಲಿ ನಡೆಯುವುದಿಲ್ಲ.

ಸರ್ಕಾರದವರು ಮಾಡಬೇಕಾದದ್ದೂ ಉಂಟು. ಯುರೋಪಿಯನ್ ಒಕ್ಕೂಟದವರು ಡೇಟಾ ಶಾಸನವೊಂದನ್ನು ಮಾಡಿ, 2025ನೆಯ ಸೆಪ್ಟೆಂಬರ್ 12ರಿಂದ ಜಾರಿಗೆ ತಂದು, ಗಿರಾಕಿಯು ಒಂದು ಕ್ಲೌಡಿನಿಂದ ಇನ್ನೊಂದಕ್ಕೆ ಹೋಗುವಾಗ ಅಡ್ಡಿಪಡಿಸಬಾರದೆಂದು ಕಂಪೆನಿಗಳಿಗೆ ಕಟ್ಟುಮಾಡಿದರು. ಅದು ಜಾರಿಗೆ ಬರುವ ಮೊದಲೇ, 2024ರ ಆರಂಭದಲ್ಲಿ, ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂವರೂ ತಮ್ಮನ್ನು ಬಿಟ್ಟುಹೋಗುವವರಿಂದ ಸಾಗಣೆಯ ಶುಲ್ಕವನ್ನು ತೆಗೆದುಕೊಳ್ಳುವುದಿಲ್ಲವೆಂದು ಸಾರಿದರು. ಶಾಸನದ ನೆರಳು ಬಿದ್ದಷ್ಟಕ್ಕೇ ಇಷ್ಟು ಫಲ ದೊರೆಯಿತು. ನಮ್ಮಲ್ಲಿ 2019ರ ಮಸೂದೆಯಲ್ಲಿ ಪ್ರಜೆಯು ತನ್ನ ಮಾಹಿತಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವ ಹಕ್ಕನ್ನು ಹೇಳಲಾಗಿತ್ತು. 2023ರ ಶಾಸನದಲ್ಲಿ ಅದು ಕಾಣದಾಯಿತು. ಇದು ಶೋಚನೀಯವಾದ ಲೋಪವೆಂದು ಹೇಳದೆ ವಿಧಿಯಿಲ್ಲ. 2025ನೆಯ ಅಕ್ಟೋಬರಿನಲ್ಲಿ ಗೂಗಲಿನವರು ವಿಶಾಖಪಟ್ಟಣದಲ್ಲಿ 1,500 ಕೋಟಿ ಡಾಲರುಗಳ ಡೇಟಾ ಸೆಂಟರಿನ ಯೋಜನೆಯನ್ನು ಸಾರಿದರು. ಇಂತಹ ಕಟ್ಟಡಗಳಿಗೆ ನೆಲ ನೀರು ವಿದ್ಯುತ್ತುಗಳನ್ನು ಒದಗಿಸುವ ಉತ್ಸಾಹದಲ್ಲಿ ಸ್ವಲ್ಪವನ್ನು, ಅವುಗಳಲ್ಲಿ ಸಾಮಾನಿಟ್ಟವನಿಗೆ ಹೊರಬರುವ ಹಕ್ಕನ್ನು ಒದಗಿಸುವುದರಲ್ಲಿಯೂ ತೋರಬೇಕೆಂದು ಪ್ರಾರ್ಥಿಸುತ್ತೇವೆ.

ಜಿಲ್ಲೆಯ ಅಧಿಕಾರಿಗಳಿಗೂ ಒಂದು ಸೂಚನೆ. ಸರ್ಕಾರದ ಕಚೇರಿಗಳಿಗೆ 1976ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದವರ ಆಶ್ರಯವುಂಟು. ಕೃಷಿ ಪತ್ತಿನ ಸಂಘಗಳ ಲೆಕ್ಕಕ್ಕಾಗಿ 2022ನೆಯ ಜೂನಿನಲ್ಲಿ ಕೇಂದ್ರ ಸರ್ಕಾರದವರು 63,000 ಸಂಘಗಳಿಗೆ ಅನ್ವಯಿಸುವ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿರುವರು. ಹೀಗಿರುವಲ್ಲಿ ಆ ಲೆಕ್ಕಗಳಿಗಾಗಿ ಸಂಘಗಳು ಬೇರೆ ಸರ್ವರನ್ನು ಹುಡುಕುವುದು ವ್ಯರ್ಥ. ಆದರೆ ಅಲ್ಲಿಯೂ ಪ್ರತಿ ಸಂಘಕ್ಕೂ ತನ್ನ ಲೆಕ್ಕದ ಪ್ರತಿಯನ್ನು ಇಳಿಸಿಕೊಳ್ಳುವ ಸೌಕರ್ಯವಿರಬೇಕು. ಡೇಜಾನಿನ ಬೆಂಕಿ ಸರ್ಕಾರಿ ಕಟ್ಟಡವೆಂದು ದಾಕ್ಷಿಣ್ಯ ತೋರಲಿಲ್ಲ.

ಇಷ್ಟೆಲ್ಲ ಜಾಗರೂಕತೆ ಸಣ್ಣ ಸಂಘಕ್ಕೆ ಭಾರವಲ್ಲವೇ ಎಂಬ ಆಕ್ಷೇಪಣೆಯು ಬರಬಹುದು. ವೆಚ್ಚವನ್ನು ನೋಡಿದರೆ ಭಾರವಲ್ಲ. ಬೆಂಗಳೂರು ಅಥವಾ ಮುಂಬಯಿಯ ಚಿಕ್ಕ ಸರ್ವರೊಂದು, ಬೇರೆ ಕಂಪೆನಿಯಲ್ಲಿ ಪ್ರತಿ ಇಡಲು ಸ್ವಲ್ಪ ಸ್ಥಳ, ವರ್ಷಕ್ಕೊಮ್ಮೆ ಡೊಮೇನಿನ ಶುಲ್ಕ, ಇವಿಷ್ಟೂ ಸೇರಿ ಸಂಘದ ಕಚೇರಿಯ ಬಾಡಿಗೆಗಿಂತ ಕಡಿಮೆಯಾಗುವುವು. ಬೇಕಾದುದು ಹಣವಲ್ಲ, ನಿಯಮ. ಗುಪ್ತಪದಗಳನ್ನು ಕಾರ್ಯದರ್ಶಿಯ ಬಳಿ ಮಾತ್ರವಲ್ಲದೆ ಸಂಘದ ಭದ್ರಪೆಟ್ಟಿಗೆಯಲ್ಲಿಯೂ ಇಡುವುದು, ಪರೀಕ್ಷೆಯ ದಿನವನ್ನು ನಡಾವಳಿಯ ಪುಸ್ತಕದಲ್ಲಿ ಬರೆಯುವುದು, ಇಂತಹ ಕ್ರಮಗಳು ನಮ್ಮ ಸಹಕಾರ ಸಂಘಗಳಿಗೆ ಹೊಸವೇನೂ ಅಲ್ಲ. ತಿಜೋರಿಯ ಬೀಗದ ಕೈಯ ವಿಷಯದಲ್ಲಿ ಅವು ಈ ಕ್ರಮವನ್ನು ಬಹುಕಾಲದಿಂದ ಪಾಲಿಸಿರುವುವು.

ಆನೆಗಳ ಮುನ್ನೆಚ್ಚರಿಕೆಗೆ ಮಾತ್ರ ಇನ್ನೂ ಒಂದು ಹೆಜ್ಜೆ ಅಗತ್ಯವು. ಅರಣ್ಯ ಇಲಾಖೆಯವರು ಹಾಸನ ಜಿಲ್ಲೆಯಲ್ಲಿ ಕಿರುಸಂದೇಶಗಳ ಮೂಲಕ ಎಚ್ಚರಿಕೆ ಕೊಡುವ ಪದ್ಧತಿಯನ್ನು ನಡೆಸಿರುವರು. ಅದರ ಜೊತೆಗೆ ಊರಿನವರು ಅಪ್ಲಿಕೇಷನ್ನನ್ನು ಮಾಡಿಕೊಂಡರೂ ಅದೊಂದನ್ನೇ ನಂಬುವಂತಾಗಬಾರದು. ಸರ್ವರು ನಿಂತರೆ, ನಿಂತಿದೆಯೆಂಬ ಸುದ್ದಿಯು ಕೂಡಲೇ ಗೊತ್ತಾದ ಕೆಲವರಿಗೆ ದೂರವಾಣಿಯಿಂದ ತಲಪಬೇಕು. ಅವರು ಹಾಡಿ ಹಾಡಿಗೂ ತೋಟ ತೋಟಕ್ಕೂ ತಿಳಿಸಬೇಕು. ಏಕೆಂದರೆ ಎಚ್ಚರಿಕೆ ಬಾರದಿದ್ದಾಗ ಆನೆಯಿಲ್ಲವೆಂದು ತಿಳಿಯುವುದೇ ಸ್ವಾಭಾವಿಕವು. ಹೋಮ್‌ಸ್ಟೇಯ ಪುಟವು ಒಂದು ದಿನ ತೆರೆಯದಿದ್ದರೆ ನಷ್ಟವು ರೂಪಾಯಿಗಳಲ್ಲಿ. ಈ ಪುಟವು ಒಂದು ಮುಂಜಾನೆ ತೆರೆಯದಿದ್ದರೆ ಆಗುವ ನಷ್ಟವನ್ನು ಯಾವ ಕಂಪೆನಿಯ ಕರಾರೂ ತುಂಬಿಕೊಡಲಾರದು. ಸರ್ವರನ್ನು ಆರಿಸುವ ಸಭೆಯಲ್ಲಿ ಕುಳಿತವರು ದರಪಟ್ಟಿಯನ್ನು ತೆರೆಯುವ ಮುನ್ನ ಇದನ್ನು ನೆನೆಯುವುದು ಒಳಿತು.